ಊರು ಬಿಡುವ ಆಲೋಚನೆ ಹೇಗೆ ಹುಟ್ಟುತ್ತದೆ?

ರಾಯಚೂರು ಜಿಲ್ಲೆಯ ಒಣಬೇಸಾಯದ ಹಳ್ಳಿಗಳಲ್ಲಿ ಹಿಂಗಾರಿ ಬಿತ್ತನೆ ಮುಗಿದು, ಹತ್ತಿ ಬಿಡಿಸುವ ಕೆಲಸವೂ ಕಡಿಮೆಯಾಗುತ್ತಿದ್ದಂತೆ ಕೆಲವು ಮನೆಗಳ ಬಾಗಿಲಿಗೆ ಬೀಗ ಬೀಳುತ್ತದೆ. ಇದಕ್ಕೆ ಈ ಭಾಗದಲ್ಲಿ ಗುಳೆ ಹೋಗುವುದು ಎನ್ನುತ್ತಾರೆ. ಹೋದವರು ಬೆಂಗಳೂರು, ಹೈದರಾಬಾದು, ಪುಣೆ, ಮುಂಬಯಿಗಳಲ್ಲಿ ಕಟ್ಟಡದ ಕೆಲಸ ಹಿಡಿಯುತ್ತಾರೆ. ಇಲ್ಲವೇ ಇಟ್ಟಿಗೆ ಭಟ್ಟಿಗೆ, ಕಬ್ಬು ಕಡಿಯಲು ಹೋಗುತ್ತಾರೆ. ಮುಂಗಾರು ಹತ್ತಿರವಾದಾಗ ಬಹಳ ಮಂದಿ ಹಿಂದಿರುಗುತ್ತಾರೆ, ಕೆಲವರು ಹಿಂದಿರುಗುವುದಿಲ್ಲ. ಕಾರಣವೇನೆಂದು ಕೇಳಿದರೆ "ಮಳಿ ಇಲ್ಲ, ಬೆಳಿ ಇಲ್ಲ, ಇಲ್ಲಿದ್ದು ಏನ್ ಮಾಡಬೇಕ್ರಿ" ಎಂಬ ಉತ್ತರ ಸಿದ್ಧವಾಗಿರುತ್ತದೆ. ಈ ಉತ್ತರ ಸುಳ್ಳಲ್ಲ. ಆದರೆ ಅದೇ ಓಣಿಯಲ್ಲಿ, ಅಷ್ಟೇ ಹೊಲವುಳ್ಳ, ಅದೇ ಮಳೆಯನ್ನು ನಂಬಿದ ಪಕ್ಕದ ಮನೆಯವರು ಊರಿನಲ್ಲಿಯೇ ಉಳಿದಿರುತ್ತಾರೆ. ಮಳೆ ಇಬ್ಬರಿಗೂ ಒಂದೇ ಆಗಿರುವಾಗ ಒಬ್ಬರ ಮನಸ್ಸು ಹೊರಡುವ ಕಡೆಗೆ, ಇನ್ನೊಬ್ಬರದು ಉಳಿಯುವ ಕಡೆಗೆ ತಿರುಗುವುದೇಕೆ ಎಂಬುದನ್ನು ಇಲ್ಲಿ ವಿಚಾರ ಮಾಡಲಾಗಿದೆ.

ಇದು ಪಂಡಿತರಿಗಷ್ಟೇ ಬೇಕಾದ ವಿಚಾರವಲ್ಲ. ಜನವರಿಯಲ್ಲಿ ಊರಿನಲ್ಲಿಯೇ ಇರದ ಮನೆಗೆ, ಜನವರಿಯಲ್ಲಿ ಎರಡು ಸಲ ಔಷಧಿ ಸಿಂಪಡಿಸಬೇಕಾದ ಬೆಳೆಯನ್ನು ಶಿಫಾರಸು ಮಾಡಿದರೆ ಆ ಶಿಫಾರಸು ಕಾಗದದ ಮೇಲೆಯೇ ಉಳಿಯುತ್ತದೆ. ಮನೆಯವರು ಹೊರಡುವ ಮನಸ್ಸು ಮಾಡಿದ್ದಾರೆಯೇ, ಮಾಡಿದ್ದರೆ ಯಾವ ಕಾರಣಕ್ಕೆ ಎಂಬುದು ತಿಳಿಯದೆ ವಿಸ್ತರಣಾ ಕಾರ್ಯಕರ್ತನು ಕೊಡುವ ಸಲಹೆ ಅರ್ಧ ಸಲಹೆಯೇ ಸರಿ.

ಆಸೆ ಬೇರೆ, ನಿರ್ಧಾರ ಬೇರೆ

‘ಊರು ಬಿಡುತ್ತೀರಾ?’ ಎಂಬ ಒಂದೇ ಪ್ರಶ್ನೆಯೊಳಗೆ ಮೂರು ಬೇರೆ ಬೇರೆ ಸಂಗತಿಗಳು ಸೇರಿಕೊಂಡಿವೆ. ಮೊದಲನೆಯದು ಆಸೆ: ಅವಕಾಶ ಸಿಕ್ಕರೆ ಹೋಗಬೇಕೆಂಬ ಇಚ್ಛೆ. ಎರಡನೆಯದು ನಿರ್ಧಾರ: ಈ ದೀಪಾವಳಿ ಆದ ಮೇಲೆ ಇಂಥವರ ಜೊತೆಯಲ್ಲಿ ಇಂಥ ಕಡೆ ಹೋಗುವುದೆಂದು ಗೊತ್ತು ಮಾಡಿಕೊಂಡಿರುವುದು. ಮೂರನೆಯದು ಶಕ್ತಿ: ಹೋಗಲು ಬೇಕಾದ ಬಸ್ ಖರ್ಚು, ಅಲ್ಲಿ ಇಳಿದುಕೊಳ್ಳಲು ಜಾಗ, ಪರಿಚಯದವರು, ದುಡಿಯುವ ಮೈ, ಮನೆ ನೋಡಿಕೊಳ್ಳುವವರು. ನಾರ್ವೆ ದೇಶದ ಸಂಶೋಧಕ ಯೋರ್ಗನ್ ಕಾರ್ಲಿಂಗ್ ಎಂಬುವರು ಆಫ್ರಿಕದ ಪಶ್ಚಿಮಕ್ಕಿರುವ ಕೇಪ್ ವರ್ಡೆ ದ್ವೀಪಗಳ ಜನರನ್ನು ಕುರಿತು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ವ್ಯತ್ಯಾಸವನ್ನು ಸ್ಪಷ್ಟವಾಗಿ ತೋರಿಸಿದರು. ಹೋಗುವ ಆಸೆಯಿದ್ದು ಶಕ್ತಿಯಿಲ್ಲದೆ ಉಳಿದವರು ಅಲ್ಲಿ ಬಹಳ ಮಂದಿ ಇದ್ದರು. ಹೊರಗಿನಿಂದ ನೋಡುವವರಿಗೆ ಇವರು ಊರಿನಲ್ಲಿ ನೆಮ್ಮದಿಯಿಂದಿರುವವರಂತೆಯೇ ಕಾಣುತ್ತಾರೆ.

ನಮ್ಮ ಕಡೆ ಇದಕ್ಕೆ ತದ್ವಿರುದ್ಧವಾದ ಇನ್ನೊಂದು ವರ್ಗವೂ ಇದೆ. ಹೋಗುವ ಆಸೆ ಎಳ್ಳಷ್ಟೂ ಇಲ್ಲದೆ, ಬೇರೆ ದಾರಿ ಕಾಣದೆ ಹೋಗುವವರು. ಗುಳೆ ಎಂಬ ಮಾತಿನೊಳಗೇ ಈ ಅನಿವಾರ್ಯತೆಯ ಧ್ವನಿ ಇದೆ. ‘ದುಡಿಯಾಕ ಹೋಗ್ಯಾನ’ ಎಂದಾಗ ಅಷ್ಟು ನೋವಿರುವುದಿಲ್ಲ; ‘ಗುಳೆ ಹೋದರು’ ಎಂದಾಗ ಮನೆಯೇ ಎದ್ದುಹೋದಂತೆ ಕೇಳಿಸುತ್ತದೆ. ಜನರು ತಮ್ಮ ಬಗ್ಗೆ ಈ ಎರಡರಲ್ಲಿ ಯಾವ ಮಾತನ್ನು ಬಳಸುತ್ತಾರೆ ಎಂಬುದನ್ನು ಕಿವಿಗೊಟ್ಟು ಕೇಳಿದರೆ ಅರ್ಧ ವಿಷಯ ತಿಳಿದಂತೆಯೇ.

ನೀರು, ಮತ್ತು ನೀರಿನ ಮೇಲಿನ ನಂಬಿಕೆ

ಕವಿತಾಳದ ಬಳಿಯ ಬಾಗಲವಾಡ ಮತ್ತು ಅದರ ಸುತ್ತಿನ ಸೀಮೆ ಕೃಷ್ಣಾ ಹಾಗೂ ತುಂಗಭದ್ರಾ ನದಿಗಳ ನಡುವಿನ ನಾಡು. ಮಾನವಿ, ದೇವದುರ್ಗ, ರಾಯಚೂರು ತಾಲ್ಲೂಕುಗಳು ಕೃಷಿ ಹವಾಮಾನದ ಲೆಕ್ಕದಲ್ಲಿ ಈಶಾನ್ಯ ಒಣ ವಲಯಕ್ಕೆ ಸೇರಿವೆ. ವರ್ಷದ ಮಳೆ 600 ಮಿಲಿಮೀಟರಿನ ಆಸುಪಾಸು. ಅದರಲ್ಲಿ ಸೆಪ್ಟೆಂಬರ್ ತಿಂಗಳ ಪಾಲು ದೊಡ್ಡದು. ಎರೆ ಹೊಲಗಳಲ್ಲಿ ಹತ್ತಿ, ತೊಗರಿ, ಹಿಂಗಾರಿ ಜೋಳ, ಕಡಲೆ; ಮಸಾರಿಯಲ್ಲಿ ಸಜ್ಜೆ, ಶೇಂಗಾ. ಎರಡು ದೊಡ್ಡ ನದಿಗಳ ನಡುವೆ ಇದ್ದರೂ ಬೇಸಾಯದ ಬಹುಭಾಗ ಮಳೆಯನ್ನೇ ನೆಚ್ಚಿಕೊಂಡದ್ದು.

ತುಂಗಭದ್ರಾ ಎಡದಂಡೆ ನಾಲೆ ಬಂದಾಗ ಈ ಚಿತ್ರ ಬದಲಾಯಿತು, ಆದರೆ ಎಲ್ಲರಿಗೂ ಸಮನಾಗಿ ಅಲ್ಲ. 1953ರಲ್ಲಿ ಅಣೆಕಟ್ಟೆಯಿಂದ ನೀರು ಹರಿಯತೊಡಗಿದ ಮೇಲೆ ಆಂಧ್ರದ ಕರಾವಳಿ ಜಿಲ್ಲೆಗಳ ರೈತರು ಸಿಂಧನೂರು, ಮಾನವಿ, ಗಂಗಾವತಿ ಕಡೆಗೆ ಬಂದು ಭೂಮಿ ಕೊಂಡು ಭತ್ತ ಬೆಳೆಯಲು ನಿಂತರು. ನಾಲೆಯ ಉದ್ದಕ್ಕೂ ‘ಕ್ಯಾಂಪ್’ ಎಂದು ಕೊನೆಗೊಳ್ಳುವ ಊರ ಹೆಸರುಗಳು ಅವರ ನೆನಪಾಗಿ ಉಳಿದಿವೆ. ಒಂದೇ ಜಿಲ್ಲೆ ಒಬ್ಬರಿಗೆ ಬಿಟ್ಟುಹೋಗುವ ನೆಲವಾಗಿಯೂ, ನೂರಾರು ಮೈಲಿ ದೂರದಿಂದ ಬಂದ ಇನ್ನೊಬ್ಬರಿಗೆ ನೆಲೆಸುವ ನೆಲವಾಗಿಯೂ ಕಂಡಿತು. ಬಂದವರಿಗೆ ಕಾಲುವೆ ನೀರಿನ ಬೇಸಾಯ ಗೊತ್ತಿತ್ತು, ಮಾರಿ ಬಂದ ಹೊಲದ ಹಣ ಕೈಯಲ್ಲಿತ್ತು. ಇದ್ದವರಲ್ಲಿ ಬಹಳ ಜನರಿಗೆ ಎರಡೂ ಇರಲಿಲ್ಲ. ಹೊಲವನ್ನು ಮಟ್ಟ ಮಾಡಿಸುವ ಖರ್ಚಿಗೇ ಹೊಲದ ಒಂದು ಭಾಗ ಮಾರಬೇಕಾದ ಸ್ಥಿತಿ.

ಈ ನಾಲೆಯನ್ನು ಯೋಜಿಸಿದ್ದು ಹೆಚ್ಚು ಜಮೀನಿಗೆ ಸ್ವಲ್ಪ ಸ್ವಲ್ಪ ನೀರು ಕೊಟ್ಟು ಜೋಳ, ಹತ್ತಿ, ಶೇಂಗಾದಂತಹ ಬೆಳೆ ಬೆಳೆಸಲು. ಮೇಲ್ಭಾಗದಲ್ಲಿ ಭತ್ತ ಹರಡಿದಂತೆ ಕೆಳಭಾಗಕ್ಕೆ ನೀರು ತೆಳುವಾಯಿತು. 1990ರ ದಶಕದಲ್ಲಿ ಡಚ್ ಸಂಶೋಧಕ ಪೀಟರ್ ಮೊಲಿಂಗಾ ಅವರು ರಾಯಚೂರು ಜಿಲ್ಲೆಯಲ್ಲಿ ಇದ್ದು ಇದೇ ನಾಲೆಯ ನೀರು ಹಂಚಿಕೆಯನ್ನು ಅಧ್ಯಯನ ಮಾಡಿ ಈ ಅಸಮಾನತೆಯ ಬೇರುಗಳನ್ನು ವಿವರಿಸಿದ್ದಾರೆ. ಕೊನೆಯಂಚಿನ ರೈತರಿಗೆ ಅದನ್ನು ಓದಿ ತಿಳಿಯಬೇಕಾದ ಅಗತ್ಯವಿಲ್ಲ ಬಿಡಿ.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಊರು ಬಿಡುವ ಆಲೋಚನೆಯನ್ನು ನಿರ್ಧರಿಸುವುದು ನೀರಿನ ಪ್ರಮಾಣಕ್ಕಿಂತ ನೀರಿನ ಮೇಲಿನ ನಂಬಿಕೆ. ನೀರೇ ಇಲ್ಲದ ಹೊಲದವನು ಮಳೆಯ ಲೆಕ್ಕದಲ್ಲಿಯೇ ವರ್ಷವನ್ನು ಹೊಂದಿಸಿಕೊಂಡಿರುತ್ತಾನೆ. ಒಂದು ವರ್ಷ ಬಂದು ಎರಡು ವರ್ಷ ಬಾರದ ಕಾಲುವೆಯ ಕೊನೆಯಂಚಿನವನು ನೀರು ಬರುತ್ತದೆಂದು ಸಸಿ ಮಡಿ ಹಾಕಿ, ಗೊಬ್ಬರ ಉದ್ದರಿ ತಂದು, ಕೊನೆಗೆ ಎರಡೂ ಕಡೆ ಸಿಕ್ಕಿಬೀಳುತ್ತಾನೆ. ಸಾಲವಿಲ್ಲದ ಒಣಬೇಸಾಯಗಾರನಿಗಿಂತ ಸಾಲ ಮಾಡಿದ ಈ ನೀರಾವರಿ ರೈತನೇ ಮೊದಲು ಊರು ಬಿಡುವ ಸಂದರ್ಭಗಳಿವೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟು ಕೊಚ್ಚಿಹೋದುದನ್ನು ನೆನಪಿಸಿಕೊಳ್ಳಬಹುದು. ಒಂದು ವಾರದೊಳಗೆ ತಾತ್ಕಾಲಿಕ ಗೇಟು ಇಳಿಸಿ ನೀರು ನಿಲ್ಲಿಸಲಾಯಿತು, ಮುಂದೆ ಬಂದ ಮಳೆಗೆ ಜಲಾಶಯ ಮತ್ತೆ ತುಂಬಿತು. ಆದರೆ ಆ ಒಂದು ವಾರದಲ್ಲಿ ನಾಟಿ ಮಾಡಬೇಕೋ ಬೇಡವೋ, ಮಗನನ್ನು ಬೆಂಗಳೂರಿಗೆ ಕಳಿಸಬೇಕೋ ಎಂಬ ಮಾತು ಎಷ್ಟು ಮನೆಗಳಲ್ಲಿ ನಡೆದಿರಬೇಕೆಂದು ಊಹಿಸುವುದು ಕಷ್ಟವಲ್ಲ.

ನೀರಿದ್ದ ಊರಿನವರು ಉಳಿಯುತ್ತಾರೆ, ಇಲ್ಲದ ಊರಿನವರು ಕೆಡುತ್ತಾರೆ ಎಂಬ ಸರಳ ಲೆಕ್ಕವೂ ನಿಲ್ಲುವುದಿಲ್ಲ. ಸ್ಕಾರ್ಲೆಟ್ ಎಪ್‌ಸ್ಟೀನ್ ಎಂಬ ವಿದುಷಿ 1954ರಿಂದ 1956ರವರೆಗೆ ಮಂಡ್ಯದ ಬಳಿ ಎರಡು ಹಳ್ಳಿಗಳಲ್ಲಿದ್ದು ಅಧ್ಯಯನ ನಡೆಸಿದರು. ಅವರು ‘ವಂಗಲ’ ಎಂದು ಕರೆದ ಹಳ್ಳಿಗೆ ವಿಶ್ವೇಶ್ವರಯ್ಯ ನಾಲೆಯ ನೀರು ಬಂದಿತ್ತು. ‘ದಲೇನ’ ಎಂದು ಕರೆದ ಹಳ್ಳಿ ಎತ್ತರದಲ್ಲಿದ್ದುದರಿಂದ ಒಣಗಿಯೇ ಉಳಿದಿತ್ತು. ವಂಗಲದವರು ಕಬ್ಬು ಬೆಳೆದು ಹೊಲದಲ್ಲಿಯೇ ನಿಂತರು. ದಲೇನದವರು ಮಂಡ್ಯದ ಕಾರ್ಖಾನೆ, ಕಚೇರಿಗಳ ಕೆಲಸ, ಗಾಡಿ ಬಾಡಿಗೆ, ವ್ಯಾಪಾರ ಎಂದು ಹೊರಗೆ ಕೈಚಾಚಿದರು. ಬದುಕಿನ ರೀತಿ ಹೆಚ್ಚು ಬದಲಾದದ್ದು ಅವರಲ್ಲಿಯೇ. ಹೊರಗೆ ಹೋಗುವುದು ಅಲ್ಲಿ ಸೋಲಿನ ಗುರುತಾಗಲಿಲ್ಲ. ಆದರೆ ದಲೇನಕ್ಕೆ ದಿನ ಹೋಗಿ ದಿನ ಬರುವಷ್ಟು ಹತ್ತಿರದಲ್ಲಿ ಮಂಡ್ಯವಿತ್ತು, ಅಲ್ಲಿ ಸಕ್ಕರೆ ಕಾರ್ಖಾನೆಯಿತ್ತು. ಬಾಗಲವಾಡದ ಕಡೆಯ ಹುಡುಗನಿಗೆ ಹಟ್ಟಿಯ ಚಿನ್ನದ ಗಣಿ, ಶಕ್ತಿನಗರದ ವಿದ್ಯುತ್ ಸ್ಥಾವರ ಹತ್ತಿರದಲ್ಲಿದ್ದರೂ ಅಲ್ಲಿ ಸಿಗುವ ಕೆಲಸಗಳು ಬೆರಳೆಣಿಕೆಯವು. ಆದ್ದರಿಂದ ಅವನ ಮಂಡ್ಯ 400 ಕಿಲೋಮೀಟರು ದೂರದ ಬೆಂಗಳೂರು.

ಮನೆಯವರು ಹಾಕುವ ಲೆಕ್ಕ

ರೈತರು ಲೆಕ್ಕವಿಲ್ಲದೆ ಊರು ಬಿಡುತ್ತಾರೆ, ಪಟ್ಟಣದ ಥಳಕಿಗೆ ಮರುಳಾಗುತ್ತಾರೆ ಎಂಬ ಮಾತು ಆಗಾಗ ಕೇಳಿಬರುತ್ತದೆ. ಈ ಮಾತನ್ನು ಹೇಳುವವರು ಸಾಮಾನ್ಯವಾಗಿ ಪಟ್ಟಣದಲ್ಲಿ ಇರುವವರೇ! ಅರ್ಥಶಾಸ್ತ್ರಜ್ಞ ಮೈಕೆಲ್ ಟೊಡಾರೊ ಅವರು 1969ರಲ್ಲಿ ಹೇಳಿದ್ದು ಬೇರೆ. ಹಳ್ಳಿಯವನು ಪಟ್ಟಣದ ಕೂಲಿಯನ್ನು ನೋಡುವುದಿಲ್ಲ, ಆ ಕೂಲಿ ನಿಜವಾಗಿ ತನಗೆ ಸಿಗುವ ಸಂಭವವನ್ನೂ ಸೇರಿಸಿ ನೋಡುತ್ತಾನೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಕೆಳಗಿನವು ಲೆಕ್ಕಕ್ಕೆಂದು ಹಿಡಿದ ಸಂಖ್ಯೆಗಳು. ಓದುಗರು ತಮ್ಮ ಊರಿನ ದರಗಳನ್ನು ಹಾಕಿಕೊಂಡು ನೋಡಬಹುದು. ಒಬ್ಬ ಕೂಲಿಕಾರನಿಗೆ ಊರಿನಲ್ಲಿ ದಿನಕ್ಕೆ 400 ರೂಪಾಯಿ, ಪಟ್ಟಣದಲ್ಲಿ 700 ರೂಪಾಯಿ ಎಂದಿಟ್ಟುಕೊಳ್ಳಿ. ಪಟ್ಟಣದಲ್ಲಿ ತಿಂಗಳಿಗೆ 18 ದಿನ ಕೆಲಸ ಸಿಕ್ಕರೆ 12,600 ರೂಪಾಯಿ. ಕೋಣೆ ಬಾಡಿಗೆ, ಊಟ, ಓಡಾಟಕ್ಕೆ 5,500 ಹೋದರೆ ಉಳಿಯುವುದು 7,100. ಬಿಡಿಸುವ, ರಾಶಿ ಮಾಡುವ ತಿಂಗಳಿನಲ್ಲಿ ಊರಿನಲ್ಲಿಯೇ 24 ದಿನ ಕೆಲಸವಿದ್ದರೆ 9,600 ಬರುತ್ತದೆ. ಆಗ ಹೊರಡುವ ಮಾತೇ ಇಲ್ಲ. ಫೆಬ್ರವರಿಯಲ್ಲಿ ಊರಿನ ಕೆಲಸ 8 ದಿನಕ್ಕೆ ಇಳಿದರೆ ಸಿಗುವುದು 3,200 ಮಾತ್ರ. ಆಗ ಪಟ್ಟಣವೇ ಮೇಲು. ಅದೇ ಪಟ್ಟಣದಲ್ಲಿ ಕೆಲಸ 12 ದಿನಕ್ಕೆ ಕುಸಿದರೆ 8,400ರಲ್ಲಿ ಖರ್ಚು ಕಳೆದು 2,900 ಉಳಿದು, ಊರೇ ಮೇಲಾಗುತ್ತದೆ. ದಿನದ ಕೂಲಿ ಎಲ್ಲಿಯೂ ಬದಲಾಗಲಿಲ್ಲ. ಬದಲಾದದ್ದು ಕೆಲಸದ ದಿನಗಳು. ‘ಅಲ್ಲಿ ಕೂಲಿ ಎಷ್ಟು?’ ಎಂದು ಕೇಳುವವನು ಹೊಸಬ, ‘ವಾರಕ್ಕೆ ಎಷ್ಟು ದಿನ?’ ಎಂದು ಕೇಳುವವನು ಒಮ್ಮೆ ಹೋಗಿ ಬಂದವನು.

ಹಣ ಎಷ್ಟು ಎಂಬುದರ ಜೊತೆಗೆ ಹಣ ಯಾವಾಗ ಎಂಬುದೂ ಇದೆ. ಕಟ್ಟಡದ ಕೆಲಸದಲ್ಲಿ ವಾರಕ್ಕೊಮ್ಮೆ ಬಟವಾಡೆ. ಹೊಲದ ಹಣ ವರ್ಷಕ್ಕೊಮ್ಮೆ, ಅದೂ ಅಡತಿ ಅಂಗಡಿಯ ಲೆಕ್ಕ ತೀರಿದ ಮೇಲೆ. ಉದ್ಯೋಗ ಖಾತರಿ ಯೋಜನೆಯ ಮೊದಲ ಹಂತದಲ್ಲಿಯೇ, 2006ರ ಫೆಬ್ರವರಿಯಲ್ಲಿ, ರಾಯಚೂರು ಜಿಲ್ಲೆ ಸೇರಿತ್ತು. ಮನೆಯೊಂದಕ್ಕೆ 100 ದಿನಗಳ ಕೆಲಸದ ಭರವಸೆ ಅದರಲ್ಲಿತ್ತು. 2025ರ ಡಿಸೆಂಬರಿನಲ್ಲಿ ಸಂಸತ್ತು ಅದರ ಸ್ಥಾನಕ್ಕೆ 125 ದಿನಗಳ ಹೊಸ ಕಾಯ್ದೆಯನ್ನು ಅಂಗೀಕರಿಸಿತು. ಈ ಕೆಲಸ ನಡೆದ ಕಡೆ ಹೊರಡುವ ಅನಿವಾರ್ಯತೆ ತಗ್ಗಿದ್ದುಂಟು. ಆದರೆ ಕೂಲಿ ಖಾತೆಗೆ ಬರಲು ವಾರಗಟ್ಟಲೆ ತಡವಾದ ಕಡೆ, ದಿನಸಿ ಅಂಗಡಿಯಲ್ಲಿ ಉದ್ದರಿ ಸಿಗದ ಮನೆಗಳು ಅದಕ್ಕಾಗಿ ಕಾಯಲಾರದೆ ಹೊರಟವು. ದಿನಗಳ ಸಂಖ್ಯೆ ಹೆಚ್ಚಿದರೂ ಸಂಬಳ ತಡವಾದರೆ ಇದೇ ಆಗುತ್ತದೆ.

ಸಾಲ ಮತ್ತು ಮುಂಗಡ

ಮೇಲಿನ ಲೆಕ್ಕ ಹಾಕುವ ಸ್ವಾತಂತ್ರ್ಯ ಎಲ್ಲ ಮನೆಗಳಿಗೂ ಇಲ್ಲ. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಯಂತೆ 50,000 ಸಾಲವಿದ್ದರೆ ವರ್ಷದ ಬಡ್ಡಿಯೇ 18,000 ಆಯಿತು. ಇಂಥ ಮನೆಗೆ ಮಗಳ ಮದುವೆಯೋ, ಆಸ್ಪತ್ರೆಯ ಖರ್ಚೋ ಎದುರಾದ ಹೊತ್ತಿಗೆ ಮೇಸ್ತ್ರಿ ಮುಂಗಡ ಹಿಡಿದು ಬರುತ್ತಾನೆ. ಇಟ್ಟಿಗೆ ಭಟ್ಟಿ ಮತ್ತು ಕಬ್ಬು ಕಡಿತದ ಕೆಲಸಗಳಲ್ಲಿ ಇದೇ ವಾಡಿಕೆ. ಹಣ ಇಸಿದುಕೊಂಡ ದಿನವೇ ನಿರ್ಧಾರವೂ ಆಗಿಹೋಗುತ್ತದೆ. ಮುಂದೆ ಹಿಂಗಾರಿ ಮಳೆ ಚೆನ್ನಾಗಿ ಆದರೂ ಹೋಗಲೇಬೇಕು. ಒಳ್ಳೆಯ ಮಳೆ ಬಿದ್ದ ವರ್ಷವೂ ಕೆಲವು ಮನೆಗಳಿಗೆ ಬೀಗ ಬೀಳುವುದರ ಗುಟ್ಟು ಇದು. ಮಳೆಯ ಅಂಕಿಸಂಖ್ಯೆ ನೋಡಿ ‘ಈ ವರ್ಷ ಗುಳೆ ಇರದು’ ಎಂದು ವರದಿ ಬರೆಯುವವರು ಇದನ್ನು ಮರೆಯಬಾರದು.

ಮುಂಗಡ ತೀರುವವರೆಗೆ ಬಿಡುವಂತಿಲ್ಲ ಎಂದು ಕೂಡಿಹಾಕಿ ದುಡಿಸುವುದು 1976ರ ಜೀತ ಪದ್ಧತಿ ನಿರ್ಮೂಲನಾ ಕಾಯ್ದೆಯ ಪ್ರಕಾರ ಅಪರಾಧ. ಅಂಥ ಸಂದರ್ಭದಲ್ಲಿ ತಹಶೀಲ್ದಾರರಿಗೆ ಅಥವಾ ಜಿಲ್ಲಾಧಿಕಾರಿಗಳಿಗೆ ದೂರು ಕೊಡಬಹುದೆಂಬ ಮಾತನ್ನು ಹೊರಡುವವರಿಗೆ ಹೊರಡುವ ಮುಂಚೆಯೇ ತಿಳಿಸಬೇಕು.

ಮೊದಲು ಹೋದವರ ಹೆಜ್ಜೆ

ಯಾವ ಹಳ್ಳಿಯ ಜನ ಯಾವ ಪಟ್ಟಣಕ್ಕೆ ಹೋಗುತ್ತಾರೆ ಎಂಬುದನ್ನು ನಕಾಶೆ ನೋಡಿ ಹೇಳಲಾಗದು. ಒಬ್ಬ ಮೇಸ್ತ್ರಿಯೋ, ಗಾರೆ ಕೆಲಸ ಕಲಿತ ಒಬ್ಬ ಅಳಿಯನೋ ಮೊದಲು ಹೋಗಿ ನೆಲೆಯೂರಿದ ಕಡೆಗೆ ಓಣಿಯೇ ಹೋಗುತ್ತದೆ. ಬೆಂಗಳೂರಿನ ಕಟ್ಟಡಗಳ ಪಕ್ಕದ ತಗಡಿನ ಶೆಡ್ಡುಗಳಲ್ಲಿ ರಾಯಚೂರು, ಯಾದಗಿರಿ, ಕಲಬುರಗಿ ಜಿಲ್ಲೆಗಳ ಜನ ಊರುಊರಿನವರಾಗಿ ಒಟ್ಟಿಗಿರುವುದು ಈ ಕಾರಣದಿಂದ. ಪರಿಚಯದವರಿದ್ದರೆ ಮೊದಲ ವಾರದ ಊಟ, ಮಲಗಲು ಜಾಗ, ಮೋಸ ಮಾಡದ ಗುತ್ತಿಗೆದಾರನ ಸುದ್ದಿ ಸಿಗುತ್ತವೆ. ಇಲ್ಲದವನಿಗೆ ಅದೇ ಬಸ್ಸು, ಅದೇ ಬೆಂಗಳೂರು ಹತ್ತು ಪಟ್ಟು ದೂರ.

ತೀರ ಬಡವರು ಹೋಗದಿರುವುದಕ್ಕೂ ಇದು ಕಾರಣವಾಗಬಹುದು. ಬಾಂಗ್ಲಾದೇಶದ ರಂಗಪುರ ಸೀಮೆಯಲ್ಲಿ ಭತ್ತದ ಕೊಯ್ಲಿಗೆ ಮುಂಚೆ ವರ್ಷವರ್ಷವೂ ಹಸಿವಿನ ಕಾಲ ಬರುತ್ತಿತ್ತು. 2008ರಲ್ಲಿ ಅಲ್ಲಿ ನಡೆಸಿದ ಪ್ರಯೋಗದಲ್ಲಿ ಕೆಲವು ಮನೆಗಳಿಗೆ ಹೋಗಿಬರುವ ಬಸ್ ಖರ್ಚಿನಷ್ಟು, ಎಂದರೆ ಸುಮಾರು ಎಂಟೂವರೆ ಡಾಲರಿನಷ್ಟು ಹಣವನ್ನು ಕೆಲವರಿಗೆ ಹಾಗೆಯೇ, ಕೆಲವರಿಗೆ ಸಾಲವಾಗಿ ಕೊಡಲಾಯಿತು. ಅಷ್ಟರಿಂದಲೇ ಹಂಗಾಮಿನ ದುಡಿಮೆಗೆ ಆಳು ಕಳಿಸಿದ ಮನೆಗಳು ನೂರಕ್ಕೆ 22ರಷ್ಟು ಹೆಚ್ಚಿದವು, ಮತ್ತು ಅವರಲ್ಲಿ ಅನೇಕರು ಮುಂದಿನ ವರ್ಷ ಯಾರೂ ಹಣ ಕೊಡದಿದ್ದರೂ ತಾವಾಗಿಯೇ ಹೋದರು. ಅವರನ್ನು ಅಷ್ಟು ದಿನ ತಡೆದಿದ್ದದ್ದು ಮನಸ್ಸಿಲ್ಲದಿರುವಿಕೆಯಲ್ಲ. ಹೋಗಿ ಕೆಲಸ ಸಿಗದೆ ಬರಿಗೈಲಿ ಬಂದರೆ ಇದ್ದ ಗಂಜಿಯೂ ಹೋದೀತೆಂಬ ಹೆದರಿಕೆ ಅವರನ್ನು ತಡೆದಿತ್ತು. ಮುಂದೆ ಇದೇ ಯೋಜನೆಯನ್ನು ದೊಡ್ಡ ಪ್ರಮಾಣದಲ್ಲಿ ನಡೆಸಿದಾಗ ಅಂಥ ಫಲ ಕಾಣಲಿಲ್ಲ ಎಂಬುದನ್ನೂ ಹೇಳಬೇಕು.

ಹೆಂಗಸರು, ಮಕ್ಕಳು, ಮುದುಕರು

ಮನೆಯ ನಿರ್ಧಾರ ಎಂದು ಬರೆಯುವುದು ಸುಲಭ. ಮನೆಯೊಳಗೆ ಯಾರ ನಿರ್ಧಾರ ಎಂಬುದು ಬೇರೆ ಪ್ರಶ್ನೆ. 2011ರ ಜನಗಣತಿಯಲ್ಲಿ ದೇಶದ ಹೆಂಗಸರು ಹುಟ್ಟಿದೂರು ಬಿಡಲು ಹೆಚ್ಚಾಗಿ ಕೊಟ್ಟ ಕಾರಣ ಮದುವೆ. ಕಾಗದದ ಮೇಲೆ ಹೀಗೆ ಬರೆಸಿದ ಹೆಂಗಸೇ ಪಟ್ಟಣದಲ್ಲಿ ಗಂಡನ ಸಮಕ್ಕೆ ಜಲ್ಲಿ, ಇಟ್ಟಿಗೆ ಹೊತ್ತಿರುತ್ತಾಳೆ. ಗಂಡಸೊಬ್ಬನೇ ಹೋದರೆ ಹೊಲ, ದನ, ಸಾಲಗಾರರ ಮಾತು ಎಲ್ಲವೂ ಅವಳ ಪಾಲಿಗೆ. ಜೊತೆಗೆ ಹೋದರೆ ಎರಡು ಕೂಲಿ ಬರುತ್ತದೆ, ಆದರೆ ಕೂಸಿನ ಗತಿ ಏನು? ಹಲವು ಮನೆಗಳಲ್ಲಿ ಹೊರಡುವುದೋ ಉಳಿಯುವುದೋ ಎಂಬುದು ಕೊನೆಗೆ ನಿಲ್ಲುವುದು ಮೊಮ್ಮಕ್ಕಳನ್ನು ನೋಡಿಕೊಳ್ಳಲು ಅತ್ತೆ ಗಟ್ಟಿಯಾಗಿದ್ದಾಳೆಯೇ ಎಂಬುದರ ಮೇಲೆ. ಅಭಿಪ್ರಾಯ ಸಂಗ್ರಹದ ನಮೂನೆಗಳಲ್ಲಿ ಹೊಲದ ಎಕರೆ, ಎತ್ತಿನ ಸಂಖ್ಯೆ ಕೇಳುತ್ತಾರೆ. ಅತ್ತೆಯ ಆರೋಗ್ಯ ಕೇಳುವುದಿಲ್ಲ.

2023ರ ಜೂನ್ 11ರಿಂದ ರಾಜ್ಯದ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಉಚಿತ ಪ್ರಯಾಣ ದೊರೆತದ್ದು ಇಲ್ಲಿ ಎರಡು ಬಗೆಯಲ್ಲಿ ಕೆಲಸ ಮಾಡಬಲ್ಲದು. ಹೋಗುವ ಖರ್ಚು ಇಳಿಯಿತು ಎಂಬುದು ಒಂದು. ಬೇಕೆಂದಾಗ ಬಂದು ಮಕ್ಕಳ ಮುಖ ನೋಡಿ ಹೋಗಬಹುದು ಎಂಬುದು ಇನ್ನೊಂದು.

ಕಲಿತ ಮಕ್ಕಳ ಮನಸ್ಸು

ಗುಳೆಯ ಮಾತಿನಲ್ಲಿ ಮರೆಯಾಗುವ ಇನ್ನೊಂದು ವಲಸೆ ಇದೆ. ಅದು ಓದಿದ ಹುಡುಗ ಹುಡುಗಿಯರದು. 2011ರಲ್ಲಿ ರಾಯಚೂರು ಜಿಲ್ಲೆಯ ಸಾಕ್ಷರತೆ ಶೇಕಡಾ 59.56, ರಾಜ್ಯದ್ದು 75.36. ಹೀಗೆ ಹಿಂದಿದ್ದ ಜಿಲ್ಲೆಯಲ್ಲಿ ಮನೆಗೆ ಮೊದಲ ಪದವೀಧರನಾದವನು ಹೊಲಕ್ಕಿಳಿದರೆ ‘ಓದಿಸಿದ್ದು ಇದಕ್ಕೇನು?’ ಎಂಬ ಮಾತು ತಂದೆಯಿಂದಲೇ ಬರುತ್ತದೆ. ಸಂವಿಧಾನದ 371(ಜೆ) ವಿಧಿಯು 2013ರಿಂದ ಜಾರಿಗೆ ಬಂದು ಈ ಭಾಗದ ಅಭ್ಯರ್ಥಿಗಳಿಗೆ ಸರ್ಕಾರಿ ನೇಮಕಾತಿಯಲ್ಲಿ, ವೃತ್ತಿ ಶಿಕ್ಷಣದಲ್ಲಿ ಮೀಸಲಾತಿ ದೊರೆತ ಮೇಲೆ ಹೊಸ ಆಸೆ ಚಿಗುರಿತು. ಸ್ಪರ್ಧಾತ್ಮಕ ಪರೀಕ್ಷೆಗೆಂದು ಧಾರವಾಡ, ಕಲಬುರಗಿಗಳಲ್ಲಿ ಕೋಣೆ ಮಾಡಿ ಓದುವವರು ಹೆಚ್ಚಿದರು. ಇವರ ಖರ್ಚಿಗೆ ಹಣ ಎಲ್ಲಿಂದ? ಎಷ್ಟೋ ವೇಳೆ ಅಣ್ಣನ ಗುಳೆಯ ದುಡಿಮೆಯಿಂದ. ಒಂದೇ ಮನೆಯಲ್ಲಿ ಒಬ್ಬನ ಅನಿವಾರ್ಯತೆ ಇನ್ನೊಬ್ಬನ ಆಸೆಯನ್ನು ಹೊತ್ತು ನಿಂತಿರುತ್ತದೆ.

ಇನ್ನು ಮದುವೆಯ ವಿಚಾರ. ಒಕ್ಕಲುತನ ಮಾಡುವ ಹುಡುಗನಿಗೆ ಹೆಣ್ಣು ಕೊಡಲು ಹಿಂಜರಿಯುವುದು ಈಗ ಕರ್ನಾಟಕದ ಎಲ್ಲ ಕಡೆ ಕೇಳಿಬರುವ ದೂರು. ಐದೆಕರೆ ಹೊಲವಿದ್ದವನಿಗಿಂತ ಬೆಂಗಳೂರಿನಲ್ಲಿ ಗಾಡಿ ಓಡಿಸುವವನು ಮೇಲೆಂದು ಹೆಣ್ಣಿನ ಮನೆಯವರು ಎಣಿಸಿದರೆ, ಲಾಭವಿದ್ದರೂ ಹುಡುಗ ಹೊಲದಲ್ಲಿ ನಿಲ್ಲಲಾರ. ಎಕರೆಗೆ ಎರಡು ಕ್ವಿಂಟಾಲ್ ಹೆಚ್ಚು ಇಳುವರಿ ಕೊಡುವ ತಳಿಯಿಂದ ಮಾತ್ರ ಇದನ್ನು ತಿರುಗಿಸಬಹುದೆಂದು ನಾವು ನಂಬಿದರೆ ಅದು ನಮ್ಮ ಭ್ರಮೆ.

ಹಿಂದಿರುಗುವ ಆಸೆ

ಹೋದವರು ಅಲ್ಲಿಯೇ ಏಕೆ ನೆಲೆಸುವುದಿಲ್ಲ? ಭಾರತದ ಹಳ್ಳಿಗಳಲ್ಲಿ ಕಷ್ಟಕಾಲಕ್ಕೆ ಕೈಸಾಲ ಕೊಡುವುದು ಜಾತಿಬಂಧುಗಳ ಬಳಗ. ಊರು ಬಿಟ್ಟು ದೂರವಾದವನಿಗೆ ಆ ಆಸರೆ ಸಡಿಲವಾಗುತ್ತದೆ, ಆದ್ದರಿಂದ ಕಾಯಂ ಆಗಿ ಹೋಗಲು ಗಂಡಸರು ಹಿಂಜರಿಯುತ್ತಾರೆ ಎಂದು ಕೈವನ್ ಮುನ್ಷಿ ಮತ್ತು ಮಾರ್ಕ್ ರೋಸೆನ್‌ಜ್ವೈಗ್ ಎಂಬ ಅರ್ಥಶಾಸ್ತ್ರಜ್ಞರು 2016ರಲ್ಲಿ ವಾದಿಸಿದರು. ಮೊಹರಂ, ಊರ ಜಾತ್ರೆ, ಯುಗಾದಿಗೆ ಬೆಂಗಳೂರಿನಿಂದ ಈ ಕಡೆಗೆ ಬರುವ ಬಸ್ಸುಗಳು ತುಂಬಿ ತುಳುಕುವುದನ್ನು ನೋಡಿದವರಿಗೆ ಈ ವಾದ ಹೊಸದೆನಿಸದು. ಹಬ್ಬಕ್ಕೆ ಬಂದು ಹೋಗುವವನು ಊರಿನ ಬಳಗದಲ್ಲಿ ತನ್ನ ಲೆಕ್ಕವನ್ನು ಚಾಲ್ತಿಯಲ್ಲಿಟ್ಟುಕೊಳ್ಳುತ್ತಾನೆ. ದುಡಿದ ಹಣದಲ್ಲಿ ಊರಿನಲ್ಲಿ ಮನೆ ಕಟ್ಟಿಸುವುದೂ ಇದಕ್ಕೇ. ವರ್ಷದಲ್ಲಿ ಒಂಬತ್ತು ತಿಂಗಳು ಬೀಗ ಹಾಕಿದ ಹೊಸ ಮನೆಯನ್ನು ಕಂಡು ದುಂದು ಎನ್ನುವವರಿದ್ದಾರೆ. ಆ ಮನೆ ‘ನಾನು ಬರುವವನೇ’ ಎಂಬುದಕ್ಕೆ ಅವನು ಇಟ್ಟ ಠೇವಣಿ.

2020ರ ಮಾರ್ಚ್ 25ರಿಂದ ದೇಶಕ್ಕೆ ದೇಶವೇ ಬಾಗಿಲು ಹಾಕಿದಾಗ ಆ ಠೇವಣಿ ಕೆಲಸಕ್ಕೆ ಬಂದಿತು. ಪಟ್ಟಣದಲ್ಲಿ ಕೂಲಿ ನಿಂತಿತು, ಕೋಣೆ ಬಾಡಿಗೆ ನಿಲ್ಲಲಿಲ್ಲ. ಸಿಕ್ಕ ವಾಹನದಲ್ಲಿ, ಕಾಲ್ನಡಿಗೆಯಲ್ಲಿ ಜನ ಊರು ಸೇರಿದರು. ‘ಇನ್ನು ಎಂದೂ ಹೋಗುವುದಿಲ್ಲ’ ಎಂದು ಆಗ ಹೇಳಿದವರಲ್ಲಿ ಬಹಳ ಜನ ಮತ್ತೆ ಹೋದರು. ಅದು ಮಾತು ತಪ್ಪಿದಂತಲ್ಲ. ಅಂದಿನ ಮಾತು ಆಸೆಯ ಮಾತಾಗಿತ್ತು, ಮತ್ತೆ ಹೊರಟದ್ದು ಲೆಕ್ಕದಿಂದ.

ವಿಸ್ತರಣಾ ಕಾರ್ಯಕರ್ತರ ಗಮನಕ್ಕೆ

ಮನೆಗಳನ್ನು ಭೇಟಿ ಮಾಡಲು ಸರಿಯಾದ ಕಾಲ ಮುಂಗಾರಿ ಬಿತ್ತನೆಗೆ ಮುಂಚೆ ಒಮ್ಮೆ, ಸೆಪ್ಟೆಂಬರಿನಲ್ಲಿ ಇನ್ನೊಮ್ಮೆ. ದೀಪಾವಳಿ ಆದ ಮೇಲೆ ಕೇಳಿ ಪ್ರಯೋಜನವಿಲ್ಲ. ‘ಗುಳೆ ಹೋಗುತ್ತೀರಾ?’ ಎಂದು ನೇರವಾಗಿ ಕೇಳಿದರೆ ಸಂಕೋಚದಿಂದ ಇಲ್ಲವೆನ್ನುವವರೂ, ಪರಿಹಾರ ಸಿಕ್ಕೀತೆಂದು ಹೌದೆನ್ನುವವರೂ ಇರುತ್ತಾರೆ. ಹೋದ ವರ್ಷ ಯಾರು ಯಾವ ತಿಂಗಳು ಎಲ್ಲಿಗೆ ಹೋಗಿದ್ದರು, ಈ ವರ್ಷ ಮುಂಗಡ ಬಂದಿದೆಯೇ, ದನಗಳನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಬೇಕು. ಗಂಡಸರನ್ನ ಕಟ್ಟೆಯ ಮೇಲೆ ಕೇಳಿದ ಪ್ರಶ್ನೆಯನ್ನೇ ಹೆಂಗಸರನ್ನೂ ಬೇರೆಯಾಗಿ ಕೇಳಬೇಕು. ಉತ್ತರಗಳು ಬೇರೆಯಾಗಿದ್ದರೆ ಆಶ್ಚರ್ಯಪಡಬೇಕಾಗಿಲ್ಲ.

ಉತ್ತರವನ್ನು ನೋಡಿ ಬೆಳೆ ಯೋಜನೆ ಹೇಳಬಹುದು. ಡಿಸೆಂಬರಿನಲ್ಲಿ ಹೊರಡುವುದು ಖಚಿತವಾಗಿರುವ ಮನೆಗೆ ಜನವರಿ, ಫೆಬ್ರವರಿಯವರೆಗೆ ಬಿಡಿಸುತ್ತಲೇ ಇರಬೇಕಾದ ಹತ್ತಿಗಿಂತ, ಬೇಗ ಮಾಗುವ ಮತ್ತು ಸೊರಗು ರೋಗವನ್ನು ತಡೆಯುವ ಟಿಎಸ್-3ಆರ್ ತೊಗರಿ ಹೊಂದುತ್ತದೆ. ಎರೆ ಹೊಲದಲ್ಲಿ ಅಕ್ಟೋಬರಿನಲ್ಲಿ ಬಿತ್ತಿದ ಕಡಲೆಗೆ ಕಾಯಿಕೊರಕದ ಹತೋಟಿಯ ಹೊರತು ಹೆಚ್ಚಿನ ಆಳು ಬೇಡ. ಯಂತ್ರದಿಂದ ಕೊಯ್ಯಲು ಬರುವ ಎತ್ತರದ ಜಿಬಿಎಂ-2 ತಳಿಯಾದರೆ ಊರಿನಲ್ಲಿ ಉಳಿದ ಹಿರಿಯರೇ ಬಾಡಿಗೆ ಯಂತ್ರ ಕರೆಸಿ ರಾಶಿ ಮುಗಿಸಬಹುದು. ಉಳಿಯಬೇಕೆಂಬ ಆಸೆಯಿದ್ದು ಬೇಸಿಗೆಯ ಎರಡು ಮೂರು ತಿಂಗಳ ಖರ್ಚಿಗೆ ಸಿಕ್ಕಿಬಿದ್ದ ಮನೆಗೆ ನಾಲ್ಕು ಕುರಿ, ಒಂದು ಎಮ್ಮೆ ಮಾಡುವ ಉಪಕಾರವನ್ನು ಹೊಸ ಬೆಳೆ ಮಾಡಲಾರದು. ಹೋಗುವ ಆಸೆಯಿರುವ ಹುಡುಗನನ್ನು ಹಿಡಿದು ನಿಲ್ಲಿಸುವುದು ನಮ್ಮ ಕೆಲಸವಲ್ಲ. ಬರಿಯ ಹೊರೆ ಹೊರುವ ಕೂಲಿಗಿಂತ ಗಾರೆ, ಬಡಗಿ, ವಿದ್ಯುತ್ ಜೋಡಣೆಯ ಕೆಲಸಕ್ಕೆ ಸಂಬಳ ಹೆಚ್ಚೆಂದು ಹೇಳಿ, ಹೊರಡುವ ಮುಂಚೆ ಕಲಿಯುವ ದಾರಿ ತೋರಿಸಿದರೆ ಅದೇ ವಿಸ್ತರಣೆ.

ಹೊರಡುವವರು ಜೊತೆಗಿಟ್ಟುಕೊಳ್ಳಬೇಕಾದ ಕಾಗದಪತ್ರಗಳನ್ನು ಆಗಲೇ ನೆನಪಿಸಬೇಕು. ಪಡಿತರ ಚೀಟಿ ತೋರಿಸಿ ರಾಜ್ಯದ ಯಾವ ನ್ಯಾಯಬೆಲೆ ಅಂಗಡಿಯಲ್ಲಿಯೂ ಧಾನ್ಯ ಪಡೆಯಬಹುದು. ವರ್ಷದಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿದ, 18ರಿಂದ 60 ವರ್ಷದೊಳಗಿನವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಿಕೊಳ್ಳಬಹುದು. ದುಡಿದ ದಿನಗಳನ್ನು, ಇಸಿದುಕೊಂಡ ಮುಂಗಡವನ್ನು ಒಂದು ಪುಟ್ಟ ಪುಸ್ತಕದಲ್ಲಿ ಬರೆದಿಟ್ಟು ಪ್ರತಿ ಬಟವಾಡೆಗೆ ಮೇಸ್ತ್ರಿಯ ರುಜು ಹಾಕಿಸಿಕೊಳ್ಳುವುದು ಒಳ್ಳೆಯದು. ಮಕ್ಕಳನ್ನು ಕರೆದೊಯ್ಯುವುದಾದರೆ ಶಾಲೆಯ ಮುಖ್ಯೋಪಾಧ್ಯಾಯರಿಗೆ ತಿಳಿಸಿ ವರ್ಗಾವಣೆ ಪತ್ರ ಕೇಳಬೇಕು. ಪತ್ರ ಕೈಗೆ ಬರುವುದು ತಡವಾದರೂ ಅದೊಂದೇ ಕಾರಣಕ್ಕೆ ಹೊಸ ಶಾಲೆಯವರು ಮಗುವನ್ನು ಸೇರಿಸಿಕೊಳ್ಳದಿರುವಂತಿಲ್ಲವೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಪ್ರಕರಣದಲ್ಲಿ ಹೇಳಿದೆ. ಮಕ್ಕಳನ್ನು ಊರಿನಲ್ಲಿ ಬಿಟ್ಟು ಹೋಗುವುದಾದರೆ ಋತುಮಾನದ ವಸತಿ ವ್ಯವಸ್ಥೆ ಹತ್ತಿರದಲ್ಲಿ ಎಲ್ಲಿಯಾದರೂ ನಡೆಯುತ್ತಿದೆಯೇ ಎಂಬುದನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿ ಅಕ್ಟೋಬರ್ ತಿಂಗಳಿನಲ್ಲಿಯೇ ವಿಚಾರಿಸಿಕೊಳ್ಳಬೇಕು.